ಆಫ್ರಿಕಾದ ಜನ, ಭಾಷೆ, ಬದುಕು ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದಾಗ ಕಲಿತ ಸ್ವಾಹಿಲಿಯನ್ನು ಈಗ ಇಲ್ಲಿ ಬೇರೆಯವರಿಗೆ ಕಲಿಸುತ್ತಿದ್ದೇನೆ. ಕೆಲಸಕ್ಕೆಂದು ಕೀನ್ಯಾದ ನೈರೋಬಿಗೋ ಉಗಾಂಡಾದ ಕಂಪಾಲಕ್ಕೋ ಹೊರಟವರು, ಅಲ್ಲೇ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳು, ಸಮಾಜ ವಿಜ್ಞಾನದ ಮೇಷ್ಟ್ರುಗಳು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಉತ್ತರಗಳಲ್ಲಿ ಪೂರ್ವ ಆಫ್ರಿಕಾ ಜಾಸ್ತಿ ಬರುತ್ತದೆ, ನಾನು ಓಡಾಡಿದ ಜಾಗ ಅದು.

## ಶುರುವಿಗೆ

ಆಫ್ರಿಕನ್ ಭಾಷೆ ಕಲಿಸ್ತೀರಂತೆ, ಹೌದಾ ಮೇಡಂ?

ಆಫ್ರಿಕನ್ ಅಂತ ಒಂದು ಭಾಷೆ ಇಲ್ಲ. ವಿಶ್ವಸಂಸ್ಥೆಯ ಸದಸ್ಯರಾಗಿರುವ 54 ದೇಶಗಳು ಅಲ್ಲಿವೆ. ಭಾಷೆಗಳು ಸುಮಾರು 2000. ನೈಜೀರಿಯಾ ಒಂದರಲ್ಲೇ 500ಕ್ಕೂ ಜಾಸ್ತಿ. ನಾನು ಕಲಿಸುವುದು ಸ್ವಾಹಿಲಿ. ಟಾಂಜಾನಿಯಾ, ಕೀನ್ಯಾದಲ್ಲಿ ಎಲ್ಲ ಕಡೆ ನಡೆಯುತ್ತದೆ. ಉಗಾಂಡಾ, ರುವಾಂಡಾ, ಬುರುಂಡಿ, ಕಾಂಗೋದ ಪೂರ್ವ ಭಾಗದಲ್ಲೂ ಉಪಯೋಗಕ್ಕೆ ಬರುತ್ತದೆ. ಯುನೆಸ್ಕೋ ಹೇಳುವ ಪ್ರಕಾರ ಇದನ್ನು ಆಡುವವರು 20 ಕೋಟಿಗೂ ಹೆಚ್ಚು. ಬಹಳಷ್ಟು ಜನಕ್ಕೆ ಇದು ಎರಡನೆಯ ಭಾಷೆ. ಮನೆಯಲ್ಲಿ ಬೇರೆ ಮಾತು ಇರುತ್ತದೆ.

ಭಾಷೆಗಳ ಮನೆತನಗಳೂ ಹಲವು. ಸ್ವಾಹಿಲಿ, ನೈಜೀರಿಯಾದ ಯೊರುಬಾ, ದಕ್ಷಿಣ ಆಫ್ರಿಕಾದ ಜುಲು ದೂರದ ನೆಂಟರು. ಇಥಿಯೋಪಿಯಾದ ಅಮ್ಹಾರಿಕ್ ಅರಬ್ಬಿ, ಹೀಬ್ರೂಗಳ ಕಡೆಯದು. ಮಡಗಾಸ್ಕರ್‌ನ ಮಲಗಾಸಿಯ ಬೇರು ಇನ್ನೂ ದೂರ ಇದೆ. ಅದು ಇಂಡೋನೇಷ್ಯಾದ ಬೋರ್ನಿಯೋ ದ್ವೀಪದಿಂದ ಕಡಲು ದಾಟಿ ಬಂದ ಭಾಷೆ.

ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಪೀರಿಯಡ್ಡಲ್ಲಿ ಆಫ್ರಿಕಾ ಮುಗಿಸಬೇಕು. ಏನು ಹೇಳ್ಲಿ?

ಮುಗಿಸಲು ಹೋಗಬೇಡಿ. ಒಂದು ಊರು ಹಿಡಿದುಕೊಳ್ಳಿ. ಜಂಜಿಬಾರ್ ಆಗಲಿ, ಲಾಗೋಸ್ ಆಗಲಿ, ಅಡಿಸ್ ಅಬಾಬಾ ಆಗಲಿ. ಆ ಊರಿನ ಜನ ಬೆಳಿಗ್ಗೆ ಏನು ತಿಂತಾರೆ, ಶಾಲೆಗೆ ಹೇಗೆ ಹೋಗ್ತಾರೆ, ಅಜ್ಜಿಯನ್ನು ಹೇಗೆ ಮಾತಾಡಿಸ್ತಾರೆ, ಇಷ್ಟು ಹೇಳಿದರೆ ಸಾಕು. ಸಹಾರಾ, ಪಿರಮಿಡ್ಡು, ಮಸಾಯಿ, ಸಿಂಹ, ವಜ್ರದ ಗಣಿ ಎಲ್ಲವನ್ನೂ ನಲವತ್ತು ನಿಮಿಷಕ್ಕೆ ತುರುಕಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಸಿಂಹ ಮಾತ್ರ.

ಅದಕ್ಕೂ ಮೊದಲು ಐದು ನಿಮಿಷ ನಕ್ಷೆಗೆ ಕೊಡಿ. ಗೋಡೆಗೆ ನೇತುಹಾಕುವ ಹಳೆಯ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದಕ್ಕಿಂತ 14 ಪಟ್ಟು ದೊಡ್ಡದು, ಹತ್ತಿರ ಹತ್ತಿರ 3 ಕೋಟಿ ಚದರ ಕಿಲೋಮೀಟರ್. ಗ್ಲೋಬಿನ ಮೇಲೆ ತೆಳು ಕಾಗದ ಇಟ್ಟು ಭಾರತದ ಆಕಾರ ಬಿಡಿಸಿ, ಕತ್ತರಿಸಿ. ಅದರ ಒಂಬತ್ತು ಪ್ರತಿ ಮಾಡಿ, ಅದೇ ಗ್ಲೋಬಿನ ಆಫ್ರಿಕಾದ ಮೇಲೆ ಹೊಂದಿಸಲು ಮಕ್ಕಳಿಗೇ ಬಿಡಿ. ಆಕಾರ ಹೊಂದದ ಕಡೆ ಕತ್ತರಿಸಿ ಸೇರಿಸಿದರೆ ಒಂಬತ್ತೂ ಹತ್ತಿರ ಹತ್ತಿರ ಹಿಡಿಸುತ್ತವೆ. ಇಷ್ಟಾದ ಮೇಲೆ "ಆಫ್ರಿಕಾದಲ್ಲಿ ಮಳೆ ಬರುತ್ತಾ?" ಅಂತ ಯಾರೂ ಕೇಳುವುದಿಲ್ಲ. "ಆಫ್ರಿಕಾದಲ್ಲಿ ಎಲ್ಲಿ?" ಅಂತ ಕೇಳುತ್ತಾರೆ.

"ಆಫ್ರಿಕಾದ ಬುಡಕಟ್ಟು ಜನ" ಅಂದ್ರೆ ತಪ್ಪಾ? ನಾವು ಓದಿದ್ದೇ ಹಾಗಲ್ವಾ?

ಯೊರುಬಾ ಮಾತಾಡುವವರು 4 ಕೋಟಿಗೂ ಹೆಚ್ಚಿದ್ದಾರೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ. ನಮ್ಮನ್ನು ಯಾರಾದರೂ ಕನ್ನಡ ಬುಡಕಟ್ಟು ಅಂದರೆ ಸುಮ್ನೆ ಇರ್ತೀವಾ? ಯೊರುಬಾ ಜನಕ್ಕೆ ನೂರಾರು ವರ್ಷಗಳಿಂದ ಊರು, ಅರಸು, ಸಂತೆ, ಕಂಚಿನ ಶಿಲ್ಪ ಎಲ್ಲವೂ ಇತ್ತು. ಅವರನ್ನು ಯೊರುಬಾ ಜನ ಅಂತ ಕರೆದರೆ ಆಯ್ತು.

ಟಾಂಜಾನಿಯಾದ ಹಡ್ಜಾ ಜನ ಸಾವಿರದ ಆಸುಪಾಸು ಇದ್ದಾರೆ. ಅವರಲ್ಲಿ ಕೆಲವರು ಇಂದಿಗೂ ಬೇಟೆಯಾಡಿ, ಜೇನು ಕಿತ್ತು, ಗೆಡ್ಡೆ ಅಗೆದು ಬದುಕುತ್ತಾರೆ. ಅವರ ಬಗ್ಗೆಯೂ ಹೇಳಿ, ಆದರೆ ಹಡ್ಜಾ ಅಂತ ಹೆಸರಿಟ್ಟು ಹೇಳಿ. ಕೋಟಿ ಜನರಿಗೂ ಸಾವಿರ ಜನರಿಗೂ ಒಂದೇ ಹಣೆಪಟ್ಟಿ ಹಚ್ಚುವುದೇ ತೊಂದರೆ.

ನಮಗೂ ಅವರಿಗೂ ಏನು ಸಂಬಂಧ? ಮಕ್ಕಳಿಗೆ ಯಾಕೆ ಇಷ್ಟ ಆಗ್ಬೇಕು?

ಈ ಪ್ರಶ್ನೆ ಕೇಳಿದ ಮೇಷ್ಟ್ರು ಮಂಡ್ಯ ಕಡೆಯವರು. ಮಧ್ಯಾಹ್ನ ಏನು ಊಟ ಮಾಡಿದ್ರಿ ಅಂತ ಕೇಳಿದೆ. ಮುದ್ದೆ ಅಂದರು.

ರಾಗಿ ಮೊದಲು ಬೆಳೆಯಾಗಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಇಥಿಯೋಪಿಯಾ, ಉಗಾಂಡಾ ಕಡೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಉತ್ತರ ಕರ್ನಾಟಕದ ರೊಟ್ಟಿಯ ಜೋಳ ಸುಡಾನ್ ಕಡೆಯದು. ಸಜ್ಜೆ ಸಹಾರಾದ ದಕ್ಷಿಣ ಅಂಚಿನದು. ಅಲಸಂದೆಯೂ ಆಫ್ರಿಕಾದ್ದೇ. ಕಾಫಿ ಗಿಡ ಇಥಿಯೋಪಿಯಾದ ಕಾಡಿನದು. ಯೆಮನ್ ದಾಟಿ, ಬಾಬಾ ಬುಡನ್ ತಂದರೆಂಬ ಏಳು ಬೀಜದ ಕತೆಯೊಂದಿಗೆ ಚಿಕ್ಕಮಗಳೂರಿಗೆ ಬಂತು. ಸವಣೂರಿನ ಮಠದ ಅಂಗಳದಲ್ಲಿರುವ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಾ? ಹತ್ತಾರು ಜನ ಕೈಕೈ ಹಿಡಿದು ಸುತ್ತುವಷ್ಟು ದಪ್ಪ ಬೊಡ್ಡೆ. ಅವು ಆಫ್ರಿಕಾದ ಬಾವೊಬಾಬ್.

ಪಾಠಕ್ಕೆ ಇದು ತುಂಬಾ ಒಳ್ಳೆಯ ಬಾಗಿಲು. ಕೀನ್ಯಾ, ಟಾಂಜಾನಿಯಾದ ದಿನನಿತ್ಯದ ಊಟ ಉಗಾಲಿ. ನೀರು ಕುದಿಸಿ, ಹಿಟ್ಟು ಹಾಕಿ, ಮ್ವಿಕೊ ಅನ್ನುವ ಮರದ ಹುಟ್ಟಿನಲ್ಲಿ ತಿರುವುತ್ತಾರೆ. ಗಂಟಾಗದ ಹಾಗೆ ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಬೇಕು, ಉಗಿ ಮುಖಕ್ಕೆ ಹೊಡೆಯುತ್ತದೆ. ಮುದ್ದೆ ಕೋಲು ಹಿಡಿದವರಿಗೆ ಇದನ್ನು ವಿವರಿಸುವುದೇ ಬೇಡ. ವ್ಯತ್ಯಾಸ ಏನೆಂದರೆ, ಉಗಾಲಿಯನ್ನು ನುಂಗುವುದಿಲ್ಲ, ಅಗಿಯುತ್ತಾರೆ. ಒಂದು ತುತ್ತು ಮುರಿದು, ಹೆಬ್ಬೆರಳಿನಿಂದ ಮಧ್ಯೆ ಗುಳಿ ಮಾಡಿ, ಅದರಲ್ಲಿ ಸೊಪ್ಪಿನ ಪಲ್ಯ ಎತ್ತಿಕೊಳ್ಳುತ್ತಾರೆ. ಈಗ ಉಗಾಲಿಗೆ ಹೆಚ್ಚಾಗಿ ಬಳಸುವುದು ಮೆಕ್ಕೆಜೋಳದ ಹಿಟ್ಟು. ಅದು ಅಮೆರಿಕದಿಂದ ಬಂದ ಬೆಳೆ. ಅದಕ್ಕೂ ಮೊದಲು ಜೋಳ, ರಾಗಿ ಇದ್ದವು. ಕೀನ್ಯಾದವರು ರಾಗಿಯನ್ನು ವಿಂಬಿ ಅನ್ನುತ್ತಾರೆ. ಅದರ ಗಂಜಿ ಉಜಿ, ನಮ್ಮ ಅಂಬಲಿಯ ಥರ ಹುಳಿ ಬರಿಸಿಯೂ ಕುಡಿಯುತ್ತಾರೆ.

ಹಾಗಾದ್ರೆ ಬಡತನ, ಯುದ್ಧ ಏನೂ ಹೇಳಬಾರದಾ? ಎಲ್ಲಾ ಚೆಂದ ಅನ್ಬೇಕಾ?

ಹೇಳಲೇಬೇಕು. ಆದರೆ ಊರು, ವರ್ಷ, ಕಾರಣ ಸಮೇತ ಹೇಳಿ. "ಆಫ್ರಿಕಾದಲ್ಲಿ ಜನಾಂಗಗಳು ಬಡಿದಾಡುತ್ತವೆ" ಅಂದರೆ ಏನೂ ಹೇಳಿದಂತಾಗಲಿಲ್ಲ.

ರುವಾಂಡಾ ತೆಗೆದುಕೊಳ್ಳಿ. 1994ರಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಕೊಂದವರು ಹುಟು ಗುಂಪಿನ ತೀವ್ರವಾದಿಗಳು, ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಗುಂಪಿನವರು. ಕೊಂದವರೂ ಸತ್ತವರೂ ಆಡುತ್ತಿದ್ದುದು ಒಂದೇ ಭಾಷೆ, ಕಿನ್ಯರುವಾಂಡಾ. ಇದ್ದದ್ದು ಅಕ್ಕಪಕ್ಕದ ಮನೆಗಳಲ್ಲಿ. ಹುಟು, ಟುಟ್ಸಿ ಅನ್ನುವುದನ್ನು ಗುರುತಿನ ಚೀಟಿಯಲ್ಲಿ ಬರೆಯಲು ಶುರು ಮಾಡಿದ್ದು 1930ರ ದಶಕದ ಬೆಲ್ಜಿಯಂ ಆಡಳಿತ. 1994ರಲ್ಲಿ ರಸ್ತೆ ತಡೆಗಳಲ್ಲಿ ನಿಂತವರು ಕೇಳುತ್ತಿದ್ದುದು ಆ ಥರದ ಚೀಟಿಯನ್ನೇ. ಇಷ್ಟು ಹೇಳಿದರೆ ಹೈಸ್ಕೂಲ್ ಮಕ್ಕಳು ತಾವೇ ಯೋಚನೆ ಮಾಡುತ್ತಾರೆ, ನೀವು ಬೋಧನೆ ಮಾಡಬೇಕಿಲ್ಲ.

ಜೊತೆಗೆ ಬೇರೆ ಸುದ್ದಿಯೂ ಇರಲಿ. ಫೋನಿನಿಂದ ದುಡ್ಡು ಕಳಿಸುವ ಎಂ-ಪೆಸಾ ಕೀನ್ಯಾದಲ್ಲಿ ಶುರುವಾಗಿದ್ದು 2007ರಲ್ಲಿ. ಅದಕ್ಕೆ ಸ್ಮಾರ್ಟ್‌ಫೋನೂ ಬೇಕಿರಲಿಲ್ಲ, ಬಟನ್ ಫೋನಿನ ಮೆಸೇಜೇ ಸಾಕಿತ್ತು. ನಮ್ಮಲ್ಲಿ ಯುಪಿಐ ಬಂದಿದ್ದು 2016ರಲ್ಲಿ.

## ಭಾಷೆ ಕಲಿಯುವವರಿಗೆ

ಯಾವ ಭಾಷೆ ಕಲೀಲಿ?

ಎಲ್ಲಿಗೆ ಹೋಗ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ನೈರೋಬಿ, ಮೊಂಬಾಸಾ, ದಾರ್ ಎಸ್ ಸಲಾಮ್ ಅಂದರೆ ಸ್ವಾಹಿಲಿ. ಅಡಿಸ್ ಅಬಾಬಾಕ್ಕೆ ಅಮ್ಹಾರಿಕ್. ನೈಜೀರಿಯಾದ ಉತ್ತರಕ್ಕೆ ಹೌಸಾ, ಲಾಗೋಸ್ ಕಡೆಗೆ ಯೊರುಬಾ. ಸೆನೆಗಲ್‌ಗೆ ವೊಲೊಫ್. ಡರ್ಬನ್ ಸುತ್ತಮುತ್ತ ಜುಲು. ಎಲ್ಲಿಗೂ ಹೋಗುವ ಯೋಚನೆ ಇಲ್ಲ, ಸುಮ್ನೆ ಆಸೆಗೆ ಕಲೀತೀನಿ ಅನ್ನುವವರಿಗೆ ಸ್ವಾಹಿಲಿಯನ್ನೇ ಹೇಳುತ್ತೇನೆ. ಪುಸ್ತಕ, ರೇಡಿಯೋ, ಮೇಷ್ಟ್ರು ಮೂರೂ ಸುಲಭವಾಗಿ ಸಿಗುತ್ತವೆ.

ಕೀನ್ಯಾದಲ್ಲಿ ಇಂಗ್ಲಿಷ್ ನಡೆಯತ್ತಲ್ಲ, ಮತ್ಯಾಕೆ ಕಷ್ಟ?

ಆಫೀಸಿನಲ್ಲಿ ನಡೆಯುತ್ತದೆ. ಟಾಂಜಾನಿಯಾದಲ್ಲಿ ಅಷ್ಟೂ ನಡೆಯಲ್ಲ. ಅಲ್ಲಿ ಪ್ರಾಥಮಿಕ ಶಾಲೆ, ಸಂತೆ, ಬಸ್ಸು, ಪೊಲೀಸ್ ಠಾಣೆ, ಸಂಸತ್ತು ಎಲ್ಲ ಕಡೆ ಸ್ವಾಹಿಲಿ.

ಅದಕ್ಕಿಂತ ಮುಖ್ಯ, ಮಾತು ಶುರುವಾಗುವ ರೀತಿ. ಅಂಗಡಿಗೆ ಹೋಗಿ ನೇರವಾಗಿ "ಸಕ್ಕರೆ ಎಷ್ಟು?" ಅಂದರೆ ಒರಟು ಅನಿಸುತ್ತದೆ. ಮೊದಲು ಹಬಾರಿ, ಅಂದರೆ ಏನು ಸಮಾಚಾರ. ಬೆಳಿಗ್ಗೆಯ ಸಮಾಚಾರ, ಮನೆಯ ಸಮಾಚಾರ, ಕೆಲಸದ ಸಮಾಚಾರ. ಎಲ್ಲಕ್ಕೂ ನ್ಜುರಿ, ಚೆನ್ನಾಗಿದೆ. ಜ್ವರ ಬಂದಿದ್ದರೂ ಮೊದಲು ನ್ಜುರಿ ಅಂದು ಆಮೇಲೆ ಜ್ವರದ ವಿಷಯ. ಹಿರಿಯರು ಕಂಡರೆ ಕಿರಿಯರು ಶಿಕಮೋ ಅನ್ನಬೇಕು. ಅವರು ಮರಹಬಾ ಅಂತಾರೆ. ದಾರ್‌ನಲ್ಲಿ ನಮ್ಮ ಬೀದಿಯ ತರಕಾರಿ ಅಜ್ಜಿ, ಶಿಕಮೋ ಹೇಳದೆ ಚೌಕಾಸಿಗೆ ಇಳಿದವರಿಗೆ ಒಂದು ಶಿಲ್ಲಿಂಗೂ ಬಿಡುತ್ತಿರಲಿಲ್ಲ.

ಹೋಟೆಲುಗಳಲ್ಲಿ ಕೇಳಿಸುವ "ಜಾಂಬೋ" ಪ್ರವಾಸಿಗರ ಪದ. ಅದನ್ನು ಅಂದರೆ ನೀವು ನಿನ್ನೆ ತಾನೇ ವಿಮಾನ ಇಳಿದವರು ಅಂತ ಗೊತ್ತಾಗುತ್ತದೆ.

ಕನ್ನಡದವರಿಗೆ ಸ್ವಾಹಿಲಿ ಸುಲಭನಾ?

ಉಚ್ಚಾರಣೆ ಸುಲಭ. ಐದು ಸ್ವರ, ಬರೆದ ಹಾಗೆ ಓದುವುದು, ಪದಗಳು ಸ್ವರದಲ್ಲೇ ಮುಗಿಯುತ್ತವೆ. ಅವನು, ಅವಳು ಅನ್ನುವ ಭೇದ ಇಲ್ಲ, ಇಬ್ಬರಿಗೂ ಯೇಯೇ. ಪದಕ್ಕೆ ಪದ ಅಂಟಿಸಿ ಒಂದೇ ಪದದಲ್ಲಿ ಇಡೀ ವಾಕ್ಯ ಹೇಳುವುದೂ ನಮಗೆ ಹೊಸದಲ್ಲ. ನಾವು ಹಿಂದೆ ಅಂಟಿಸುತ್ತೇವೆ, ಅವರು ಹೆಚ್ಚಾಗಿ ಮುಂದೆ. ನಿತಕುಪಿಕಿಯಾ ಅಂದರೆ "ನಿನಗೆ ಅಡುಗೆ ಮಾಡಿಕೊಡ್ತೀನಿ". ನಿ ಅಂದರೆ ನಾನು, ತ ಮುಂದಿನ ಕಾಲ, ಕು ನಿನಗೆ, ಆಮೇಲೆ ಅಡುಗೆಯ ಕ್ರಿಯಾಪದ.

ಕಷ್ಟ ಇರುವುದು ನಾಮಪದಗಳ ಗುಂಪುಗಳಲ್ಲಿ. ಜನರದ್ದು ಒಂದು ಗುಂಪು, ಮರಗಿಡದ್ದು ಇನ್ನೊಂದು, ಸಾಮಾನುಗಳದ್ದು ಮತ್ತೊಂದು. ಗುಂಪಿನ ಗುರುತು ವಾಕ್ಯದ ಎಲ್ಲ ಪದಗಳ ತಲೆಗೂ ಬರುತ್ತದೆ. "ಕಿತಾಬು ಕಿಮೊಜಾ ಕಿಮೆಪೊತೆಯಾ" ಅಂದರೆ ಒಂದು ಪುಸ್ತಕ ಕಳೆದಿದೆ. "ವಿತಾಬು ವಿತಾತು ವಿಮೆಪೊತೆಯಾ" ಅಂದರೆ ಮೂರು ಪುಸ್ತಕ ಕಳೆದಿವೆ. ಕಿ ಹೋಗಿ ಎಲ್ಲ ಕಡೆ ವಿ ಬಂತು ನೋಡಿ. ಕಿತಾಬ್ ಅರಬ್ಬಿ ಪದ, ಅದರ ಮೊದಲ ಅಕ್ಷರ ಕಿ ಇದ್ದದ್ದರಿಂದ ಅದನ್ನೂ ತಮ್ಮ ಕಿ ಗುಂಪಿಗೆ ಸೇರಿಸಿಕೊಂಡುಬಿಟ್ಟರು! ಗುಂಪುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಪಾಠಗಳು ನನಗೆ ಇಷ್ಟ ಇಲ್ಲ. ಒಂದೊಂದು ಗುಂಪನ್ನು ಒಂದು ವಾರ ಮನೆಯ ಸಾಮಾನು ತೋರಿಸುತ್ತಾ ಬಳಸಿದರೆ ಕಿವಿಗೇ ಹತ್ತುತ್ತದೆ.

ಎಂಬಾಪೆ, ಎನ್‌ಗೋಮೆ ಅಂತೆಲ್ಲ ಹೆಸರು ಓದೋದು ಹೇಗೆ?

ಮುಂದೆ "ಎಂ", "ಎನ್" ಸೇರಿಸಿ ಓದಬೇಡಿ. ತುಟಿ ಮುಚ್ಚಿ ಮ್ ಅಂದು ಹಾಗೇ ಬ ಗೆ ಜಾರಿ, ಮ್ಬಾಪೆ. ಟಾಂಜಾನಿಯಾದ ಊರು ಮ್ಬೆಯಾ. ಸ್ವಾಹಿಲಿಯಲ್ಲಿ ಹಸುವಿನ ಹೆಸರಿನ ಮೊದಲ ಸದ್ದು ನಮ್ಮ ಙ, ಙೊಂಬೆ. ವರ್ಣಮಾಲೆಯಲ್ಲಿ ಕೂತು ಕೆಲಸವಿಲ್ಲದೆ ಇದ್ದ ಅಕ್ಷರಕ್ಕೆ ಇಲ್ಲಿ ಕೆಲಸ ಸಿಗುತ್ತದೆ. ಇಂಗ್ಲಿಷ್ ಮೂಲಕ ಕಲಿತವರು ತಿಂಗಳುಗಟ್ಟಲೆ ಒದ್ದಾಡುವ ಸದ್ದು ನಮಗೆ ಒಂದು ನಿಮಿಷದ ಕೆಲಸ.

ಅವರ ಗಂಟೆ ಲೆಕ್ಕ ಬೇರೆಯಂತೆ?

ಹೌದು, ಆರು ಗಂಟೆ ವ್ಯತ್ಯಾಸ. ಸೂರ್ಯ ಹುಟ್ಟಿದ ಮೇಲಿನ ಮೊದಲ ಗಂಟೆ ಅವರಿಗೆ ಸಾ ಮೋಜಾ, ಅಂದರೆ ಒಂದು ಗಂಟೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಏಳು. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಸಾ ಸಿತಾ, ಆರು ಗಂಟೆ. ಸಮಭಾಜಕದ ಹತ್ತಿರ ವರ್ಷವಿಡೀ ಸೂರ್ಯ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹುಟ್ಟಿ ಮುಳುಗುವುದರಿಂದ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಕೈಗಡಿಯಾರ ನಮ್ಮ ಥರವೇ ಇರುತ್ತದೆ. ಮುಳ್ಳು ಹತ್ತರ ಮೇಲಿದ್ದರೂ ಬಾಯಲ್ಲಿ "ಸಾ ನ್ನೆ", ನಾಲ್ಕು ಗಂಟೆ. ನನ್ನ ಬಳಿ ಕಲಿಯುತ್ತಿದ್ದವರೊಬ್ಬರು ಮನೆ ನೋಡಲು ನಾಲ್ಕಕ್ಕೆ ಬರಹೇಳಿದ್ದಾರೆಂದು ಸಂಜೆ ಹೋದರು. ಮನೆ ಬೆಳಿಗ್ಗೆಯೇ ಬೇರೆಯವರ ಪಾಲಾಗಿತ್ತು. ಫೋನಿನಲ್ಲಿ ಸಮಯ ಹೇಳಿದಾಗ "ಬೆಳಿಗ್ಗೆಯೋ ಸಂಜೆಯೋ" ಅಂತ ಕೇಳಿಕೊಳ್ಳಿ.

ಅಮ್ಹಾರಿಕ್ ಲಿಪಿ ನೋಡಿದ್ರೆ ತಲೆ ತಿರುಗತ್ತೆ. ಕಲಿಯೋಕೆ ಆಗತ್ತಾ?

ಕಾಗುಣಿತ ಕಲಿತವರಿಗೆ ಆಗುತ್ತದೆ. ಫಿದೆಲ್ ಅನ್ನುವ ಆ ಲಿಪಿಯಲ್ಲಿ ಮೂವತ್ತಮೂರು ಮೂಲ ಅಕ್ಷರ, ಒಂದೊಂದಕ್ಕೂ ಸ್ವರಕ್ಕೆ ತಕ್ಕಂತೆ ಏಳು ರೂಪ. ಅಕ್ಷರಕ್ಕೆ ಸಣ್ಣ ಕಾಲು, ಕೊಂಡಿ, ಉಂಗುರ ಸೇರಿ ಸ್ವರ ಬದಲಾಗುತ್ತದೆ. ಕ, ಕಾ, ಕಿ ಅಂತ ಬೆಳೆದವರಿಗೆ ಈ ಏರ್ಪಾಡು ಹೊಸದೇನಲ್ಲ. ಎಡದಿಂದ ಬಲಕ್ಕೆ ಓದುತ್ತಾರೆ. ವ್ಯಾಕರಣ ಮಾತ್ರ ಲಿಪಿಗಿಂತ ಕಷ್ಟ.

ಅಲ್ಲಿನ ಪಂಚಾಂಗವೂ ಬೇರೆ. ಹದಿಮೂರು ತಿಂಗಳು, ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ, ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ.

ನಾಲಿಗೆ ಲೊಟ್ಟೆ ಹೊಡೆಯೋ ಭಾಷೆ ಇದ್ಯಂತಲ್ಲ?

ಇವೆ. ದಕ್ಷಿಣ ಆಫ್ರಿಕಾದ ಖೋಸಾ, ಜುಲು, ಟಾಂಜಾನಿಯಾದ ಹಡ್ಜಾ, ಸಂದಾವೆ ಮುಂತಾದವು. ಆ ಸದ್ದು ಕ, ಗ ಥರ ಒಂದು ವ್ಯಂಜನ, ಅಷ್ಟೆ. ತರಗತಿಯಲ್ಲಿ ನಗಿಸಲು ಬಳಸಬೇಡಿ. ನಾವು "ಅಯ್ಯೋ" ಅನ್ನುವಾಗ ಲೊಚಗುಟ್ಟುವ ಸದ್ದನ್ನೇ ಅವರು ಪದದೊಳಗೆ ಇಟ್ಟುಕೊಂಡಿದ್ದಾರೆ ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಎಷ್ಟು ದಿನ ಬೇಕು? ಆ್ಯಪ್ ಸಾಕಾ?

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಸ್ವಾಹಿಲಿಗೆ 36 ವಾರ, ಅಮ್ಹಾರಿಕ್, ಜುಲುಗಳಿಗೆ 44 ವಾರ. ಅದೂ ದಿನವಿಡೀ ಅದೇ ಕೆಲಸ ಮಾಡುವವರಿಗೆ. ಸಂಜೆ ಒಂದು ಗಂಟೆ ಓದುವ ನಮಗೆ ಒಂದು ವರ್ಷದಲ್ಲಿ ಸಂತೆ, ಬಸ್ಸು, ನೆರೆಮನೆಯ ಮಾತು ಬರುತ್ತದೆ.

ಡುಯೊಲಿಂಗೋದಲ್ಲಿ ಸ್ವಾಹಿಲಿ, ಜುಲು ಎರಡೂ ಇವೆ. ಪದ ನೆನಪಿಡಲು ಅಡ್ಡಿಯಿಲ್ಲ. ಕುಶಲ ವಿಚಾರಿಸುವ ಆ ಉದ್ದನೆಯ ಸರಣಿ ಮನುಷ್ಯರ ಜೊತೆಗೇ ಬರಬೇಕು. ಬಿಬಿಸಿಯ ಸ್ವಾಹಿಲಿ ಸುದ್ದಿ ಕೇಳಿ, ಅರ್ಥವಾಗದಿದ್ದರೂ ಕೇಳಿ. ರಜೆ, ದುಡ್ಡು ಇದ್ದರೆ ಜಂಜಿಬಾರ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೆಂದೇ ಸ್ವಾಹಿಲಿ ತರಗತಿ ಇದೆ.

## ತರಗತಿಯಲ್ಲಿ

ನಮ್ಮ ಸ್ಕೂಲಲ್ಲಿ 'ಆಫ್ರಿಕಾ ಡೇ'. ಮಕ್ಕಳಿಗೆ ಕಪ್ಪು ಬಣ್ಣ, ಹುಲ್ಲಿನ ಲಂಗ ಹಾಕಿಸ್ತಿದ್ದೀವಿ. ಡ್ಯಾನ್ಸಿಗೆ ಹಾಡು ಹೇಳ್ತೀರಾ?

ಬಣ್ಣ ಬೇಡ, ಲಂಗವೂ ಬೇಡ. ಮೈಬಣ್ಣ ವೇಷ ಅಲ್ಲ. ಇದು ಖಡಾಖಂಡಿತ.

ಅದರ ಬದಲು ಒಂದು ಕಾಂಗಾ ತರಿಸಿ. ಅದು ಪೂರ್ವ ಆಫ್ರಿಕಾ ಕರಾವಳಿಯ ಹೆಂಗಸರು ಉಡುವ, ಹೊದೆಯುವ, ಮಗು ಕಟ್ಟಿಕೊಳ್ಳುವ ಹತ್ತಿ ಬಟ್ಟೆ. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ. ಜೋಡಿಯಾಗಿ ಮಾರುತ್ತಾರೆ, ಕತ್ತರಿಸಿ ಅಂಚು ಹೊಲಿಯುವುದು ನಿಮ್ಮ ಕೆಲಸ. ಸುತ್ತ ಅಗಲದ ಅಂಚು, ಮಧ್ಯೆ ಚಿತ್ತಾರ, ಅದರ ಕೆಳಗೆ ಒಂದು ಸಾಲು ಬರಹ. ಕಾಂಗಾದ ಜೀವ ಇರುವುದು ಆ ಸಾಲಿನಲ್ಲಿ. "ವೇಮಾ ಹಾಉಓಜಿ", ಒಳ್ಳೆಯತನ ಕೊಳೆಯುವುದಿಲ್ಲ. "ಜಾಪೊ ಸಿಪಾತಿ, ತಮಾ ಸಿಕಾತಿ", ಸಿಗದಿದ್ದರೂ ಆಸೆ ಬಿಡುವವಳಲ್ಲ. ಹೊಟ್ಟೆಕಿಚ್ಚಿನ ನೆರೆಯವಳಿಗೆ ಬಾಯಲ್ಲಿ ಹೇಳಲಾಗದ್ದನ್ನು ಕಾಂಗಾ ಉಟ್ಟು ಅವಳ ಮನೆ ಮುಂದೆ ಹಾದುಹೋಗಿ ಹೇಳುವುದುಂಟು. ಸಾಲು ಯಾವುದು ಅಂತ ನೋಡದೆ ಅತ್ತೆಗೆ ಕಾಂಗಾ ಉಡುಗೊರೆ ಕೊಟ್ಟರೆ ಮನೆಯಲ್ಲಿ ಜಗಳ ಗ್ಯಾರಂಟಿ. ಅಲ್ಲಿ ಮಾರುವ ಕಾಂಗಾಗಳಲ್ಲಿ ಎಷ್ಟೋ ಭಾರತದಲ್ಲೇ ಅಚ್ಚಾದವು. ಬಟ್ಟೆಯ ಅಂಚಿನಲ್ಲಿ ಬರೆದಿರುತ್ತಾರೆ, ಮಕ್ಕಳಿಗೆ ಹುಡುಕಲು ಹೇಳಿ. ಆಮೇಲೆ ಪ್ರತಿಯೊಬ್ಬರೂ ಕಾಗದದ ಮೇಲೆ ತಮ್ಮ ಕಾಂಗಾ ಬಿಡಿಸಿ, ಕನ್ನಡದಲ್ಲಿ ಒಂದು ಸಾಲು ಬರೆಯಲಿ. ನಾನು ಹೋದ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಬರೆದಿದ್ದು: "ನೋಟ್ಸ್ ಕೊಡದವರಿಗೆ ಮಾರ್ಕ್ಸೂ ಇಲ್ಲ."

ದಿನದ ವಿಷಯ: ಆಫ್ರಿಕಾ ದಿನ ಮೇ 25, 1963ರಲ್ಲಿ ಆಫ್ರಿಕಾ ಒಕ್ಕೂಟದ ಮೂಲ ಸಂಘಟನೆ ಹುಟ್ಟಿದ ದಿನ. ಆಗ ನಮ್ಮಲ್ಲಿ ಬೇಸಿಗೆ ರಜೆ. ಜುಲೈ 7 ಸ್ವಾಹಿಲಿ ದಿನ, ಯುನೆಸ್ಕೋ 2021ರಲ್ಲಿ ಘೋಷಿಸಿದ್ದು. 1954ರ ಅದೇ ದಿನ, ಮುಂದೆ ಟಾಂಜಾನಿಯಾದ ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರ ಪಕ್ಷ ಹುಟ್ಟಿತು. ಅದು ಸ್ವಾತಂತ್ರ್ಯ ಹೋರಾಟಕ್ಕೆ ಸ್ವಾಹಿಲಿಯನ್ನು ಆರಿಸಿಕೊಂಡಿತು. ಶಾಲೆಗೆ ಇದು ಅನುಕೂಲ.

ಗೋಡೆಗೆ 'ಆಫ್ರಿಕಾದ ಗಾದೆ' ಬರೆಸಬಹುದಾ? ವಾಟ್ಸಾಪಲ್ಲಿ ಬೇಕಾದಷ್ಟು ಬರ್ತವೆ.

ಯಾವ ಭಾಷೆಯದು ಅಂತ ಗೊತ್ತಿದ್ದರೆ ಬರೆಸಿ. "ಮಗು ಬೆಳೆಸಲು ಇಡೀ ಊರು ಬೇಕು" ಅನ್ನುವುದು ಆಫ್ರಿಕಾದ ಗಾದೆ ಅಂತ ಜಗತ್ತೆಲ್ಲ ಸುತ್ತಿದೆ. ಅದೇ ಮಾತಿನಲ್ಲಿ ಅದು ಯಾವ ಭಾಷೆಯದು ಅಂತ ಯಾರೂ ಗಟ್ಟಿಯಾಗಿ ತೋರಿಸಿಲ್ಲ. ಬೇಕಿದ್ದರೆ ಸ್ವಾಹಿಲಿಯದು ಒಂದು ತಗೊಳ್ಳಿ: "ಹಬಾ ನಾ ಹಬಾ ಹುಜಾಜಾ ಕಿಬಾಬಾ". ಚೂರು ಚೂರೇ ಸೇರಿ ಕಿಬಾಬಾ ತುಂಬುತ್ತದೆ. ಕಿಬಾಬಾ ಅಂದರೆ ನಮ್ಮ ಪಾವು, ಸೇರಿನ ಥರ ಧಾನ್ಯ ಅಳೆಯುವ ಮಾಪು.

ನಮ್ಮ ಕ್ಲಾಸಲ್ಲಿ ಸಿದ್ದಿ ಹುಡುಗಿ ಇದ್ದಾಳೆ. ಅವಳ ಕೈಲೇ ಆಫ್ರಿಕಾ ಬಗ್ಗೆ ಹೇಳಿಸಬಹುದಲ್ವಾ?

ಬೇಡ. ಅವಳು ಯಲ್ಲಾಪುರದವಳು. ಆಫ್ರಿಕಾದ ಬಗ್ಗೆ ಅವಳಿಗೆ ಗೊತ್ತಿರುವುದು ನಿಮಗೆ ಗೊತ್ತಿರುವಷ್ಟೇ. "ನೀನು ಎಲ್ಲಿಯವಳು?" ಅನ್ನುವ ಪ್ರಶ್ನೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಸಾಕಷ್ಟು ಕೇಳಿಸಿಕೊಂಡಿರುತ್ತಾಳೆ. ತರಗತಿಯಲ್ಲೂ ಅದೇ ಆಗಬಾರದು.

ಸಿದ್ದಿಗಳ ವಿಷಯವನ್ನು ಕರ್ನಾಟಕದ ಚರಿತ್ರೆಯಾಗಿ ಕಲಿಸಿ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಡಮಾಮಿ ಕುಣಿತ, ಹಳೆ ಬಟ್ಟೆ ತುಂಡುಗಳ ಕೌದಿ ಅವರ ಹೆಸರು ಹೇಳುತ್ತವೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಬರೀ ಗುಲಾಮಗಿರಿಯ ಕತೆಯಾಗದಿರಲಿ. ಬಿಜಾಪುರದಲ್ಲಿ ಮೊಹಮ್ಮದ್ ಆದಿಲ್ ಶಾಹಿಯ ಕಾಲಕ್ಕೆ ಮುಖ್ಯಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬಶಿ, ಅಂದರೆ ಆಫ್ರಿಕಾ ಮೂಲದವನು. ಅವನ ಚಿತ್ರಗಳು ಇವತ್ತಿಗೂ ಉಳಿದಿವೆ. ಅಹ್ಮದ್‌ನಗರವನ್ನು ನಡೆಸಿದ, ಮೊಗಲರಿಗೆ ಬಿಸಿ ಮುಟ್ಟಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದವನು.

ಬೆಂಗಳೂರಲ್ಲಿ ಆಫ್ರಿಕಾದ ಸ್ಟೂಡೆಂಟ್ಸ್ ಇದ್ದಾರಲ್ಲ, ಒಬ್ಬರನ್ನ ಕರೆಸೋಣವಾ?

ಕರೆಸಿ. ಬಸ್ ಚಾರ್ಜು, ಸಂಭಾವನೆ ಕೊಡಿ. ಏನು ಮಾತಾಡ್ತೀರಿ ಅಂತ ಅವರನ್ನೇ ಕೇಳಿ. ಕಂಪ್ಯೂಟರ್ ಓದುವ ಹುಡುಗನಿಗೆ ಡೋಲು ಬಾರಿಸಲು ಹೇಳಬೇಡಿ. ಮಕ್ಕಳ ಮೊದಲ ಪ್ರಶ್ನೆ "ಸಿಂಹ ನೋಡಿದ್ದೀರಾ?" ಆಗಿಯೇ ಇರುತ್ತದೆ, ಅದಕ್ಕೆ ಅವರು ರೆಡಿ ಇರುತ್ತಾರೆ.

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನಿನ ರಾಜಧಾನಿ ಖಾರ್ಟೂಮಿಗೂ ದಾರ್ ಎಸ್ ಸಲಾಮಿಗೂ ಎರಡೂವರೆ ಸಾವಿರ ಕಿಲೋಮೀಟರ್ ದೂರ. ಹೊಡೆದವರಿಗೆ ಎಲ್ಲರೂ "ಆಫ್ರಿಕಾದವರು". ಹೈಸ್ಕೂಲಿನವರಿಗೆ ಇದನ್ನು ಮುಚ್ಚಿಡದೆ ಹೇಳುತ್ತೇನೆ.

## ಇನ್ನೂ ಮುಂದಕ್ಕೆ ಹೋಗುವವರಿಗೆ

ಅವರಿಗೆ ಲಿಪಿಯೇ ಇರಲಿಲ್ಲ, ಎಲ್ಲಾ ಬಾಯಿಮಾತು ಅಲ್ವಾ?

ಇಥಿಯೋಪಿಯಾದ ಲಿಪಿಗೆ ಸಾವಿರದೈನೂರು ವರ್ಷಕ್ಕೂ ಹೆಚ್ಚು ವಯಸ್ಸು. ಮಾಲಿ ದೇಶದ ಟಿಂಬಕ್ಟುವಿನ ಮನೆಮನೆಗಳಲ್ಲಿ ಹಸ್ತಪ್ರತಿಗಳ ಪೆಟ್ಟಿಗೆಗಳಿದ್ದವು. 2012ರಲ್ಲಿ ಉಗ್ರರು ಊರು ಹಿಡಿದಾಗ ಜನ ಅವನ್ನು ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಸ್ವಾಹಿಲಿ ಕಾವ್ಯ 18ನೇ ಶತಮಾನದಲ್ಲೇ ಅರಬ್ಬಿ ಲಿಪಿಯಲ್ಲಿ ಬರಹಕ್ಕೆ ಇಳಿದಿತ್ತು, ರೋಮನ್ ಲಿಪಿ ಬಂದಿದ್ದು ಆಮೇಲೆ. ಲೈಬೀರಿಯಾದ ವಾಯ್ ಜನ 1830ರ ದಶಕದಲ್ಲಿ ತಮ್ಮದೇ ಲಿಪಿ ಮಾಡಿಕೊಂಡರು. 1949ರಲ್ಲಿ ಗಿನಿಯ ಲೇಖಕ ಸೊಲೊಮಾನಾ ಕಾಂಟೆ ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಭಾಷೆಗಳಿಗೆ ಎನ್‌ಕೊ ಲಿಪಿ ರೂಪಿಸಿದರು. 1980ರ ದಶಕದ ಕೊನೆಯಲ್ಲಿ ಗಿನಿಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಇನ್ನೂ ಹುಡುಗರು, ಫುಲಾನಿ ಭಾಷೆಗೆ ಅಡ್ಲಾಮ್ ಲಿಪಿ ಕಟ್ಟಿದರು. ಅದು ಈಗ ಫೋನುಗಳಲ್ಲೂ ಇದೆ.

ಬಾಯಿಮಾತಿನ ಪರಂಪರೆ ದೊಡ್ಡದು, ನಿಜ. ಮಂಟೇಸ್ವಾಮಿ, ಮಾದಪ್ಪನ ಹಾಡುಗಾರರನ್ನು ಕೇಳಿದ ನಾವು ಅದನ್ನು ಕೊರತೆ ಅನ್ನಬಾರದು.

ಹೊರದೇಶಗಳಲ್ಲಿ ಈ ಭಾಷೆಗಳನ್ನ ಕಲಿಸೋಕೆ ಶುರು ಮಾಡಿದ್ದು ಯಾಕೆ?

ಮೊದಮೊದಲು ಆಳಲು, ಮತಪ್ರಚಾರಕ್ಕೆ. ಬರ್ಲಿನ್‌ನಲ್ಲಿ 1887ರಲ್ಲಿ ತೆರೆದ ಪೌರ್ವಾತ್ಯ ಭಾಷೆಗಳ ಶಾಲೆಯಲ್ಲಿ ಪೂರ್ವ ಆಫ್ರಿಕಾಕ್ಕೆ ಹೋಗುವ ಜರ್ಮನ್ ಅಧಿಕಾರಿಗಳು ಸ್ವಾಹಿಲಿ ಕಲಿಯುತ್ತಿದ್ದರು. ಲಂಡನ್ನಿನ ಪೌರ್ವಾತ್ಯ ಶಾಲೆಯ ಹೆಸರಿಗೆ ಆಫ್ರಿಕಾ ಸೇರಿದ್ದು 1938ರಲ್ಲಿ. ಅಮೆರಿಕ 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ನೋಡಿ ಹೆದರಿ, 1958ರಲ್ಲಿ ಕಾನೂನು ಮಾಡಿ ವಿದೇಶಿ ಭಾಷೆಗಳಿಗೆ ದುಡ್ಡು ಸುರಿಯಿತು. ಅಲ್ಲಿನ ವಿಶ್ವವಿದ್ಯಾಲಯಗಳ ಆಫ್ರಿಕಾ ಕೇಂದ್ರಗಳು ಅದರಲ್ಲೇ ಬೆಳೆದವು. ಭಾರತದ ದಾರಿ ಬೇರೆ. ವಸಾಹತುಗಳಿಂದ ಬಿಡುಗಡೆಯಾಗುತ್ತಿದ್ದ ದೇಶಗಳ ಸ್ನೇಹಕ್ಕೆಂದು ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಲ್ಲಿ ಆಫ್ರಿಕಾ ಅಧ್ಯಯನ ವಿಭಾಗ ಶುರುವಾಯಿತು. ಮುಂಬೈ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ.

ಹಳೆಯ ಪಠ್ಯಪುಸ್ತಕ ಬಳಸುವಾಗ ಈ ಹಿನ್ನೆಲೆ ನೆನಪಿರಲಿ. ಕೆಲವುದರಲ್ಲಿ ಮೊದಲ ಪಾಠದ ವಾಕ್ಯಗಳೆಲ್ಲ ಅಪ್ಪಣೆಗಳೇ.

ನೀವು ಕಲಿಸೋದು ಯಾವ ಸ್ವಾಹಿಲಿ? ನೈರೋಬಿ ಹುಡುಗರು ಬೇರೆ ಥರ ಮಾತಾಡ್ತಾರೆ.

ಪುಸ್ತಕದ ಸ್ವಾಹಿಲಿ ಜಂಜಿಬಾರ್ ಊರಿನ ಮಾತಿನ ಮೇಲೆ ನಿಂತಿದೆ. 1930ರಲ್ಲಿ ಬ್ರಿಟಿಷರು ನಾಲ್ಕು ಪ್ರಾಂತಗಳಿಗೆ ಸೇರಿ ಮಾಡಿದ ಸಮಿತಿ ಅದನ್ನು ಗಟ್ಟಿ ಮಾಡಿತು. ಹಳೆಯ ಕಾವ್ಯದ ಮೊಂಬಾಸಾ ಮಾತು ಹಿಂದೆ ಸರಿಯಿತು. ಅಲ್ಲಿನವರಿಗೆ ಆ ಅಸಮಾಧಾನ ಇನ್ನೂ ಇದೆ. ನೈರೋಬಿಯ ಹುಡುಗರದ್ದು ಶೆಂಗ್. ಸ್ವಾಹಿಲಿ, ಇಂಗ್ಲಿಷ್, ಕಿಕುಯು, ಲುವೊ ಎಲ್ಲ ಕಲೆಸಿದ್ದು, ವರ್ಷಕ್ಕೊಮ್ಮೆ ಪದ ಬದಲಾಗುತ್ತವೆ. ಮೊದಲು ಪುಸ್ತಕದ್ದು ಕಲಿಯಿರಿ. ಶೆಂಗ್ ಅನ್ನು ಯಾರೂ ಕಲಿಸಬೇಕಿಲ್ಲ, ಮಟಾಟು ವ್ಯಾನು ಹತ್ತಿದರೆ ಬರುತ್ತದೆ.

ನೀವು ಕನ್ನಡದವರು. ಅಲ್ಲಿನವರೇ ಕಲಿಸಿದ್ರೆ ಒಳ್ಳೇದಲ್ವಾ?

ಒಳ್ಳೆಯದೇ. ನನ್ನ ತರಗತಿಯಲ್ಲಿ ಎರಡನೇ ಹಂತದಿಂದ ದಾರ್‌ನ ಗೆಳತಿಯೊಬ್ಬರು ಆನ್‌ಲೈನ್‌ನಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಾರೆ. ಆ ಗಂಟೆಯ ಶುಲ್ಕ ಪೂರ್ತಿ ಅವರದ್ದು. ಶುರುವಿನಲ್ಲಿ ಕನ್ನಡದವರು ಎಲ್ಲಿ ಎಡವುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಡು, ಬೈಗುಳ, ತಮಾಷೆ, ಸಾವಿನ ಮನೆಯ ಮಾತು ಅವರಿಂದಲೇ ಕಲಿಯಬೇಕು.

ನಾವು ನೈರೋಬಿಯಲ್ಲೇ ಇರೋದು. ಮಗ ಸ್ಕೂಲಲ್ಲಿ ಫ್ರೆಂಚ್ ತಗೊಂಡಿದ್ದಾನೆ. ಸ್ವಾಹಿಲಿ ಮನೆ ಕೆಲಸದವರಿಂದ ಬರತ್ತೆ ಬಿಡಿ, ಅಲ್ವಾ?

ಬರುತ್ತದೆ, ಆದರೆ ಯಾವ ಸ್ವಾಹಿಲಿ ಅಂತ ನೋಡಿ. ಕೆಲಸದವರ ಜೊತೆ ಮನೆಯವರು ಆಡುವುದು ಬಹುಪಾಲು ಲೇಟೆ, ಓಷಾ, ಫುಂಗಾ. ತಾ, ತೊಳಿ, ಮುಚ್ಚು. ಮಕ್ಕಳು ಅದನ್ನೇ ಎತ್ತಿಕೊಳ್ಳುತ್ತಾರೆ. ಹಿಂದೆ ಬಿಳಿ ಜಮೀನುದಾರರು ಆಡುತ್ತಿದ್ದ ಆಜ್ಞೆಯ ಸ್ವಾಹಿಲಿಗೆ ಕೀನ್ಯಾದಲ್ಲಿ ಕಿಸೆಟ್ಲಾ ಅಂತ ಹೆಸರೇ ಇದೆ. "ಲೇಟೆ ಮಾಜಿ" ಬದಲು "ನಾಓಂಬಾ ಮಾಜಿ", ನೀರು ಕೊಡ್ತೀರಾ ಅಂತ, ಮೊದಲು ದೊಡ್ಡವರು ಅನ್ನಲಿ. ಕೆಲಸದಾಕೆಯನ್ನು ದಾದಾ, ಅಂದರೆ ಅಕ್ಕ ಅಂತ ಕರೆದರೆ ಮಗನೂ ಹಾಗೇ ಕರೆಯುತ್ತಾನೆ.

ಫ್ರೆಂಚ್ ಬಿಡಿಸಬೇಕಿಲ್ಲ. ವಾರಕ್ಕೆ ಎರಡು ದಿನ ಸ್ವಾಹಿಲಿ ಮೇಷ್ಟ್ರನ್ನು ಮನೆಗೆ ಕರೆಸಿ, ಅಕ್ಕಪಕ್ಕದ ಮಕ್ಕಳ ಜೊತೆ ಆಡಲು ಬಿಡಿ. ಅಲ್ಲಿನ ಮಕ್ಕಳು ಮನೆಯಲ್ಲಿ ಲುವೊ, ಬೀದಿಯಲ್ಲಿ ಸ್ವಾಹಿಲಿ, ಶಾಲೆಯಲ್ಲಿ ಇಂಗ್ಲಿಷ್ ಆಡಿಕೊಂಡೇ ಬೆಳೆಯುತ್ತಾರೆ. ನಿಮ್ಮವನಿಗೂ ಜಾಸ್ತಿ ಆಗಲ್ಲ.